ಕೊನೆಯ ಪಾತ್ರೆ: ಬೆಂಗಳೂರಿನ ಬಡಗಣ ದಿಕ್ಕಿನಲ್ಲಿ ನೀರಿನ ಜಾಡು ಹಿಡಿದು

ಕಾಶಿಗೆ ಗಂಗೆಯುಂಟು, ಶ್ರೀರಂಗಪಟ್ಟಣಕ್ಕೆ ಕಾವೇರಿಯುಂಟು, ಹಂಪೆಗೆ ತುಂಗಭದ್ರೆಯುಂಟು. ಬೆಂಗಳೂರಿಗೆ ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಒಂದು ದಿಣ್ಣೆ. ಆ ದಿಣ್ಣೆಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಪಡುವಣಕ್ಕಿಳಿದು ಅರ್ಕಾವತಿಯ ಪಾಲಾಗುತ್ತದೆ. ಇನ್ನೊಂದು ಪಾಲು ಹೆಬ್ಬಾಳದ ಕಣಿವೆಯಂಥ ತಗ್ಗುಗಳನ್ನು ಹಿಡಿದು ಮೂಡಣಕ್ಕೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಎರಡು ಕಡೆಗೂ ನೀರನ್ನು ಬೀಳ್ಕೊಟ್ಟು ತಾನು ಮಾತ್ರ ಬಾಯಾರಿ ಕುಳಿತ ಊರು ಇದು. ಆದ್ದರಿಂದಲೇ ಇಲ್ಲಿ ನೀರು ನದಿಯಿಂದ ನೇರವಾಗಿ ನಮ್ಮ ಲೋಟಕ್ಕೆ ಬರುವುದಿಲ್ಲ. ಕೆರೆಯಿಂದ ಕಾಲುವೆಗೆ, ಕಾಲುವೆಯಿಂದ ಶೋಧಕಕ್ಕೆ, ಶೋಧಕದಿಂದ ಕೊಳವೆಗೆ, ಕೊಳವೆಯಿಂದ ನೆಲದ ತೊಟ್ಟಿಗೆ, ಅಲ್ಲಿಂದ ಮಾಳಿಗೆಯ ತೊಟ್ಟಿಗೆ, ಹೀಗೆ ಪಾತ್ರೆಯಿಂದ ಪಾತ್ರೆಗೆ ಕೈ ಬದಲಾಯಿಸುತ್ತ ಬರುತ್ತದೆ.

ಈ ಪಾತ್ರೆಗಳ ಸಾಲನ್ನು ನೋಡಬೇಕೆಂಬ ಆಸೆಯುಳ್ಳವರು ಬೆಂಗಳೂರಿನ ಉತ್ತರ ಭಾಗದಲ್ಲಿ ಒಂದು ದಿನ ಸುತ್ತಾಡಿದರೆ ಸಾಕು. ಹೆಸರಘಟ್ಟದಲ್ಲಿ ಹೊರಟು, ಯಶವಂತಪುರವನ್ನು ಹಾದು, ಆರ್.ಟಿ. ನಗರದ ಬೀದಿಗಳನ್ನು ಹೊಕ್ಕು, ಹೆಬ್ಬಾಳದ ಕೆರೆಯ ದಂಡೆಯಲ್ಲಿ ನಿಂತು, ಯಲಹಂಕದಲ್ಲಿ ಮುಗಿಸಬಹುದು. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಪಾತ್ರೆಯನ್ನು ತೊಳೆಯುವವರು ಯಾರು?

ಹೆಸರಘಟ್ಟದ ಏರಿಯ ಮೇಲೆ

ನಗರದಿಂದ ವಾಯವ್ಯಕ್ಕೆ ಸುಮಾರು 18 ಕಿಲೋಮೀಟರು ದೂರದಲ್ಲಿದೆ ಹೆಸರಘಟ್ಟ. ಸುತ್ತಲೂ ವಿಶಾಲವಾದ ಹುಲ್ಲುಗಾವಲು. ಅದರ ಮಧ್ಯೆ ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಏರಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ ಕಾಲದಲ್ಲಿ, 1894ರಲ್ಲಿ, ನಗರಕ್ಕೆ ನೀರು ತರುವ ಯೋಜನೆ ಇಲ್ಲಿ ರೂಪುಗೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಲವಾದ ಚಾಮರಾಜೇಂದ್ರ ಒಡೆಯರ ಹೆಸರನ್ನು ಈ ಜಲಕಾರ್ಯಕ್ಕೆ ಇಟ್ಟರು. ಅದಕ್ಕೆ ಮುಂಚೆ ಪೇಟೆಯ ಜನರಿಗೆ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳೂ ಮನೆಯ ಬಾವಿಗಳೂ ಗತಿಯಾಗಿದ್ದವು. ಬಟ್ಟೆ ಒಗೆಯುವವರು, ದನ ತೊಳೆಯುವವರು, ಕೊಡ ತುಂಬುವವರು ಎಲ್ಲರಿಗೂ ಒಂದೇ ನೀರು. ಮಳೆ ತಪ್ಪಿದ ವರ್ಷ ನೀರು ಸಾಲದು. ಮಳೆ ಬಂದ ವರ್ಷ ಬೇನೆ ತಪ್ಪದು.

ಹೆಸರಘಟ್ಟದ ನೀರು ಇಟ್ಟಿಗೆಯ ಕಾಲುವೆಯಲ್ಲಿ ತನ್ನ ಭಾರಕ್ಕೆ ತಾನೇ ಹರಿದು ಸೋಲದೇವನಹಳ್ಳಿಯ ಕಡೆಗೆ ಬರುತ್ತಿತ್ತು. ಅಲ್ಲಿ ಆವಿಯಂತ್ರಗಳು ಅದನ್ನು ಮೇಲಕ್ಕೆತ್ತಿ ಮಲ್ಲೇಶ್ವರದ ಕಡೆಗೆ ತಳ್ಳುತ್ತಿದ್ದವು. ನಗರದ ಬಾಯಾರಿಕೆ ಬೆಳೆದಂತೆ ಹೆಸರಘಟ್ಟ ಸಾಲದಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂತು. 1964ರಲ್ಲಿ ಜಲಮಂಡಳಿ ಸ್ಥಾಪಿತವಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂತು. ಇಂದು ನಗರ ಮುಖ್ಯವಾಗಿ ಕುಡಿಯುವುದು ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ, ಹಂತಹಂತವಾಗಿ ಏರಿಸಿ ತಂದ ಕಾವೇರಿಯನ್ನು. ಹೆಸರಘಟ್ಟದ ಏರಿಯ ಮೇಲೆ ಈಗ ಹಕ್ಕಿ ನೋಡುವವರು ಹೆಚ್ಚು. ಆದರೆ ಬೆಂಗಳೂರಿನ ಗೃಹಿಣಿಗೆ ನಲ್ಲಿಯೆಂಬ ವಸ್ತುವನ್ನು ಪರಿಚಯ ಮಾಡಿಸಿದ ಜಾಗ ಇದೆಂಬ ಗೌರವದಿಂದಲಾದರೂ ಒಮ್ಮೆ ನೋಡತಕ್ಕದ್ದು.

ರತ್ನವಲ್ಲದ ಜ್ಯುಯೆಲ್

ಸೋಲದೇವನಹಳ್ಳಿಯಿಂದ ನೀರು ಬಂದು ಸೇರುತ್ತಿದ್ದ ಜಾಗವನ್ನು ಮಲ್ಲೇಶ್ವರದ ಹಳಬರು ಇಂದಿಗೂ ‘ಜ್ಯುಯೆಲ್ ಫಿಲ್ಟರ್’ ಎಂದೇ ಕರೆಯುತ್ತಾರೆ. ಹೆಸರು ಕೇಳಿ ರತ್ನವೇನೋ ಎಂದುಕೊಳ್ಳುವವರುಂಟು. ಅದು ಶಿಕಾಗೋ ನಗರದಲ್ಲಿ ನೀರಿನ ಶೋಧಕಗಳನ್ನು ತಯಾರಿಸುತ್ತಿದ್ದ ಒಂದು ಮನೆತನದ ಹೆಸರು. ನೀರಿಗೆ ಪಟಿಕವನ್ನು ಬೆರೆಸಿ, ಕೆಸರಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ದಪ್ಪವಾಗುವಂತೆ ಮಾಡಿ, ಮರಳಿನ ಪದರದ ಮೂಲಕ ವೇಗವಾಗಿ ಸೋಸುವುದು ಈ ಯಂತ್ರದ ಕ್ರಮ. ಮರಳು ಕಟ್ಟಿಕೊಂಡಾಗ ನೀರನ್ನು ಹಿಮ್ಮುಖವಾಗಿ ಬಿಟ್ಟು ಮರಳನ್ನೇ ತೊಳೆಯುತ್ತಾರೆ. ನೀರನ್ನು ತೊಳೆಯುವ ಪಾತ್ರೆಗೂ ಸ್ನಾನ ತಪ್ಪಿದ್ದಲ್ಲ!

ಸೋಸಿದ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಉಳಿದಿರಬಹುದು. ಅದಕ್ಕೆ ಮದ್ದು ಕ್ಲೋರಿನ್. ಒಂದು ಊರಿನ ನೀರಿಗೆ ನಿತ್ಯವೂ ತಪ್ಪದೆ ಕ್ಲೋರಿನ್ ಬೆರೆಸುವ ಪದ್ಧತಿ ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಲ್ಲಿ ಆರಂಭವಾಯಿತು; ಅಲ್ಲಿಂದ ಲೋಕಕ್ಕೆಲ್ಲ ಹಬ್ಬಿತು. ಅದರ ಗುಣವೆಂದರೆ ಕ್ರಿಮಿಗಳನ್ನು ಕೊಂದ ಮೇಲೂ ಸ್ವಲ್ಪಮಟ್ಟಿಗೆ ನೀರಿನಲ್ಲಿ ಉಳಿದು ದಾರಿಯುದ್ದಕ್ಕೂ ಕಾವಲಿರುವುದು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮಿನಷ್ಟು ಕ್ಲೋರಿನ್ ಉಳಿದಿರಬೇಕೆಂದು ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಹೇಳುತ್ತದೆ.

ಆದರೆ ಈ ಕಾವಲುಗಾರನ ಆಯುಸ್ಸು ಅಲ್ಪ. ಕೊಳೆ ಕಂಡಲ್ಲಿ ಅದರೊಡನೆ ಹೋರಾಡಿ ತಾನೂ ಸಾಯುತ್ತಾನೆ. ಪಾತ್ರೆಯ ಗೋಡೆಗೆ ಲೋಳೆ ಅಂಟಿದ್ದರೆ ಬಂದ ಕ್ಲೋರಿನ್ನೆಲ್ಲ ಆ ಲೋಳೆಯ ಮೇಲೆಯೇ ವೆಚ್ಚವಾಗುತ್ತದೆ, ನೀರು ಅನಾಥವಾಗುತ್ತದೆ. ಸರ್ಕಾರದ ಪಾತ್ರೆಗಳು ಎಷ್ಟು ಶುಚಿಯಾಗಿದ್ದರೂ ಕೊನೆಯ ಪಾತ್ರೆ ಕೊಳಕಾಗಿದ್ದರೆ ನೂರು ಕಿಲೋಮೀಟರಿನ ಶ್ರಮ ಹತ್ತು ಅಡಿಯಲ್ಲಿ ವ್ಯರ್ಥ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಯಶವಂತಪುರದ ಹಳಿಗಳ ನಡುವೆ

ಯಶವಂತಪುರ ಎಂದರೆ ಒಂದು ಕಾಲಕ್ಕೆ ಗಂಧದ ಸಾಬೂನಿನ ಪರಿಮಳ. ಈಗ ಮುಖ್ಯವಾಗಿ ರೈಲು. ಉತ್ತರ ದೇಶಕ್ಕೆ ಹೋಗುವ ದೂರದ ಗಾಡಿಗಳು ಅನೇಕ ಇಲ್ಲಿಂದ ಹೊರಡುತ್ತವೆ. ರೈಲಿನ ಒಂದೊಂದು ಡಬ್ಬಿಯೂ ಸಾವಿರ ಲೀಟರಿಗೂ ಮಿಕ್ಕಿ ನೀರನ್ನು ಹೊತ್ತುಕೊಂಡೇ ಓಡುತ್ತದೆ. ಹಳೆಯ ಡಬ್ಬಿಗಳಲ್ಲಿ ತೊಟ್ಟಿ ತಲೆಯ ಮೇಲೆ; ಹೊಸವುಗಳಲ್ಲಿ ಹೊಟ್ಟೆಯ ಕೆಳಗೆ. ಗಾಡಿ ನಿಂತಾಗ ಹಳಿಗಳ ಪಕ್ಕದ ಕೊಳವೆಗಳಿಂದ ರಬ್ಬರಿನ ನಾಳ ಸಿಕ್ಕಿಸಿ ನೀರು ತುಂಬುತ್ತಾರೆ. ಎಲ್ಲರೂ ನೋಡಿರುವ, ಯಾರೂ ಗಮನಿಸದ ದೃಶ್ಯ ಇದು.

ಹೀಗೆ ತುಂಬಿದ ನೀರು ಕೈಕಾಲು ತೊಳೆಯುವುದಕ್ಕೇ ಹೊರತು ಕುಡಿಯುವುದಕ್ಕಲ್ಲ. ಹಿಂದೆ ನಮ್ಮ ಹಿರಿಯರು ಹಿತ್ತಾಳೆಯ ತಿರುಗಣೆ ಮುಚ್ಚಳದ ಕೂಜ ಹೊತ್ತು ರೈಲು ಹತ್ತುತ್ತಿದ್ದುದು ಬರಿಯ ಮಡಿಯ ಕಾರಣಕ್ಕಲ್ಲ. ಮನೆಯಲ್ಲಿ ಬೆಳಗಿದ, ತಾನೇ ತುಂಬಿದ, ಬಾಯಿ ಮುಚ್ಚಿದ ಪಾತ್ರೆಯನ್ನು ಮಾತ್ರ ನಂಬಬೇಕೆಂಬ ವಿವೇಕವೂ ಅದರಲ್ಲಿತ್ತು. ಪ್ರಯಾಣದಲ್ಲಿ ನೀರಿನ ಮೂಲ ದಿನಕ್ಕೊಂದು, ಊರಿಗೊಂದು. ಪಾತ್ರೆಯೊಂದೇ ನಮ್ಮದು.

ಆರ್.ಟಿ. ನಗರದ ಅಂಗಳದಲ್ಲಿ

ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತ ಬಡಾವಣೆ ಆರ್.ಟಿ. ನಗರ. ಮರಗಳ ಸಾಲು, ಉದ್ಯಾನ, ಗ್ರಂಥಾಲಯ, ಕಾಫಿಯ ಪುಡಿಯ ಅಂಗಡಿ ಎಲ್ಲವೂ ಉಳ್ಳ, ಸಂಸಾರವಂದಿಗರ ವಾಸಸ್ಥಾನ. ಇಲ್ಲಿನ ಯಾವುದೇ ಮನೆಯ ಗೇಟನ್ನು ತೆರೆದರೂ ಕಾಲ ಕೆಳಗೆ ಒಂದು ಕಬ್ಬಿಣದ ಮುಚ್ಚಳ ಸಿಗುತ್ತದೆ. ಅದರಡಿಯಲ್ಲಿ ಸಂಪು, ಎಂದರೆ ನೆಲದ ತೊಟ್ಟಿ. ಕೊಳವೆಯ ನೀರು ದಿನವೆಲ್ಲ ಬರುವುದಿಲ್ಲವಾದ್ದರಿಂದ ಬಂದಾಗ ಹಿಡಿದಿಟ್ಟುಕೊಳ್ಳಲು ಈ ಏರ್ಪಾಡು. ಅಲ್ಲಿಂದ ವಿದ್ಯುತ್ ಪಂಪು ನೀರನ್ನು ಮಾಳಿಗೆಯ ಕಪ್ಪು ತೊಟ್ಟಿಗೆ ಏರಿಸುತ್ತದೆ.

ಈ ಮುಚ್ಚಳದ ಮೇಲೆ ದೀಪಾವಳಿಯಲ್ಲಿ ರಂಗೋಲಿ ಬೀಳುತ್ತದೆ, ಆಯುಧಪೂಜೆಯಲ್ಲಿ ಕಾರನ್ನು ತೊಳೆದ ನೀರು ಹರಿಯುತ್ತದೆ, ಮಳೆಗಾಲದಲ್ಲಿ ಬೀದಿಯ ನೀರು ನುಗ್ಗುತ್ತದೆ. ಮುಚ್ಚಳದ ಅಂಚು ನೆಲಕ್ಕಿಂತ ನಾಲ್ಕು ಬೆರಳು ಎತ್ತರವಿಲ್ಲದಿದ್ದರೆ ಇವೆಲ್ಲದರ ಪಾಲು ಒಳಗೂ ಇಳಿಯುತ್ತದೆ. ಒಳಗೆ ತಳದಲ್ಲಿ ನುಣ್ಣನೆಯ ಕೆಸರು. ಗೋಡೆಯಲ್ಲಿ ಜಾರುವ ಲೋಳೆ. ದೇವರ ಮನೆಯ ಪಂಚಪಾತ್ರೆಯನ್ನು ದಿನಕ್ಕೆರಡು ಬಾರಿ ಬೆಳಗುವ ಮನೆಗಳಲ್ಲಿ ಈ ದೊಡ್ಡ ಪಾತ್ರೆ ಎರಡು ಮೂರು ವರ್ಷ ನೀರಿನಲ್ಲಿಯೇ ಇದ್ದು ಸ್ನಾನ ಕಾಣದಿರುವುದುಂಟು.

ಸಂಪನ್ನು ತೊಳೆಯುವ ಕ್ರಮವೇನೂ ಗಹನವಲ್ಲ. ಮೊದಲು ನೀರನ್ನು ಬಳಸಿ ಬಳಸಿ ತಳಕ್ಕೆ ಇಳಿಸಬೇಕು. ತುಂಬಿದ ತೊಟ್ಟಿಯನ್ನು ಚರಂಡಿಗೆ ಸುರಿಯುವುದು ಈ ಊರಿನಲ್ಲಿ ಪಾಪ. ಉಳಿದ ಕೆಸರನ್ನು ತೆಗೆದು, ಗೋಡೆಗಳನ್ನು ಗಟ್ಟಿ ಕುಂಚದಿಂದ ಉಜ್ಜಿ ತೊಳೆಯಬೇಕು. ಅನಂತರವೇ ಬ್ಲೀಚಿಂಗ್ ಪುಡಿ. ಉಜ್ಜದೆ ಪುಡಿ ಸುರಿಯುವುದು ಎಣ್ಣೆಯ ಬಾಣಲೆಗೆ ಅತ್ತರು ಹಚ್ಚಿದಂತೆ. ಸಾಧಾರಣ ಪುಡಿಯಲ್ಲಿ ಕಾಲುಭಾಗ ಕ್ಲೋರಿನ್ ಇದೆಯೆಂದು ಹಿಡಿದರೆ 10 ಲೀಟರು ನೀರಿಗೆ 8 ಗ್ರಾಂ ಪುಡಿ ಸಾಕು. ಪ್ಲಾಸ್ಟಿಕ್ಕಿನ ಬಕೆಟ್ಟಿನಲ್ಲಿ ಕಲಸಿ, ಸುಣ್ಣವು ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ತೆಗೆದು, ಗೋಡೆಗಳು ಪೂರ್ತಿ ನೆನೆಯುವಂತೆ ಬಳಿದು, ಅರ್ಧ ಗಂಟೆ ಬಿಟ್ಟು ತೊಳೆಯಬೇಕು. ಹೀಗೆ ಮಾಡಿದರೆ ಸಂಪು ತುಂಬ ಔಷಧದ ನೀರು ತುಂಬಿ ಚೆಲ್ಲುವ ಅವಶ್ಯಕತೆಯಿಲ್ಲ.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತು. ಬಹುಕಾಲ ಮುಚ್ಚಿದ್ದ ತೊಟ್ಟಿಯಲ್ಲಿ ಪ್ರಾಣವಾಯು ಸಾಲದೆ ಹೋಗಬಹುದು. ಕ್ಲೋರಿನ್ನಿನ ಘಾಟೂ ಕಡಿಮೆಯದಲ್ಲ. ಅದರೊಳಗೆ ಇಳಿಯುವವನು ಸಾಮಾನ್ಯವಾಗಿ ಮನೆಯ ಯಜಮಾನನಲ್ಲ. ದಿನಗೂಲಿಗೆ ಬಂದ ಹುಡುಗ. ಮುಚ್ಚಳವನ್ನು ಬಹು ಮುಂಚಿತವಾಗಿ ತೆರೆದಿಟ್ಟು ಗಾಳಿಯಾಡಿಸದೆ, ಮೇಲೊಬ್ಬರು ಕಾವಲು ನಿಲ್ಲದೆ, ಸೊಂಟಕ್ಕೆ ಹಗ್ಗವಿಲ್ಲದೆ ಯಾರನ್ನೂ ಇಳಿಸಕೂಡದು. ಉದ್ದ ಹಿಡಿಯ ಕುಂಚದಿಂದ ಹೊರಗಿನಿಂದಲೇ ಮಾಡಬಹುದಾದರೆ ಇಳಿಸಲೇ ಬಾರದು. ಪಾಯಿಖಾನೆ ತೊಳೆಯುವ ಆಮ್ಲವನ್ನು ಬ್ಲೀಚಿಂಗ್ ಪುಡಿಯೊಡನೆ ಎಂದಿಗೂ ಬೆರೆಸಬಾರದು. ಏಳುವ ಅನಿಲ ವಿಷ. ನಮ್ಮ ಮಕ್ಕಳ ನೀರು ಶುಚಿಯಾಗಲೆಂದು ಇನ್ನೊಬ್ಬರ ಮಗನ ಉಸಿರನ್ನು ಪಣವಿಡುವುದು ಯಾವ ಶುಚಿ?

ಹೆಬ್ಬಾಳದ ದಂಡೆ, ಟ್ಯಾಂಕರಿನ ಸಾಲು

ಹೆಬ್ಬಾಳ ಬಹಳ ಹಳೆಯ ಊರು. ಗಂಗರ ಶ್ರೀಪುರುಷನ ಕಾಲದ, ಎಂಟನೆಯ ಶತಮಾನದ ಕಿತ್ತಯ್ಯನೆಂಬ ವೀರನ ಕಲ್ಲು ಇಲ್ಲಿ 2018ರಲ್ಲಿ ದೊರೆಯಿತು. ಕೆರೆಯ ದಂಡೆಯಲ್ಲಿ ಚಳಿಗಾಲದ ಬೆಳಗ್ಗೆ ನಿಂತರೆ ಹೆಜ್ಜಾರ್ಲೆಗಳು ತೇಲುವುದನ್ನು ನೋಡಬಹುದು. ಹಿಂದಿನಿಂದ ಮೇಲ್ಸೇತುವೆಯ ಗದ್ದಲ ಕೇಳಿಬರುತ್ತಿರುತ್ತದೆ. ಆ ಗದ್ದಲದಲ್ಲಿ ನೀರಿನ ಟ್ಯಾಂಕರುಗಳ ಪಾಲೂ ಉಂಟು.

2024ರ ಬೇಸಿಗೆಯನ್ನು ಬೆಂಗಳೂರಿಗರು ಬೇಗ ಮರೆಯಲಾರರು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಕೊಳವೆಬಾವಿಗಳು ಬತ್ತಿದವು. ಆ ಮಾರ್ಚಿಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಟ್ಯಾಂಕರಿನ ನೀರಿಗೆ ಜಿಲ್ಲಾಡಳಿತ ದರ ಗೊತ್ತುಮಾಡಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಉದ್ಘಾಟನೆಯಾಯಿತು. ಹಿಂದೆ ನಗರದ ಅಂಚಿಗೆ ಸೇರಿಸಿಕೊಂಡಿದ್ದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರು ನೀರು ಕೊಡುವುದು ಅದರ ಉದ್ದೇಶ.

ಆ ಬೇಸಿಗೆಯಲ್ಲಿ ಟ್ಯಾಂಕರು ಬಂದರೆ ಸಾಕೆಂದು ಗೇಟಿನಲ್ಲಿ ಕಾದು ನಿಂತವರು, ಬಂದ ನೀರು ಯಾವ ಬಾವಿಯದೆಂದು ಕೇಳಲಿಲ್ಲ. ಕೇಳುವ ಕಾಲವೂ ಅದಾಗಿರಲಿಲ್ಲ. ಆದರೆ ಕೇಳಬೇಕಾದ ಮಾತು ಇನ್ನೂ ಒಂದುಂಟು: ಆ ಲಾರಿಯ ಹೊಟ್ಟೆಯಲ್ಲಿ ನಿನ್ನೆ ಏನಿತ್ತು? ಹೆಬ್ಬಾಳದ ಕಣಿವೆಯಲ್ಲಿ ನಗರದ ಕೊಳಚೆಯನ್ನು ಶುದ್ಧೀಕರಿಸಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಕಳುಹಿಸುತ್ತಾರೆ. ಇಂಥ ಸಂಸ್ಕರಿಸಿದ ನೀರು ಕಟ್ಟಡಗಳಿಗೂ ತೋಟಗಳಿಗೂ ಉಪಯುಕ್ತ. ಆದರೆ ಅದನ್ನು ಹೊತ್ತ ತೊಟ್ಟಿಯಲ್ಲಿ ಮರುದಿನ ಕುಡಿಯುವ ನೀರನ್ನು ತಂದರೆ ಎರಡಕ್ಕೂ ಅನ್ಯಾಯ. ಮೂಲ ತಿಳಿಯದ ನೀರಿಗೆ ಕ್ಲೋರಿನ್ ಹಾಕಿದರೂ ಅದು ಕ್ರಿಮಿಗಳನ್ನು ಕೊಲ್ಲುವುದೇ ಹೊರತು, ಕೊಳವೆಬಾವಿಯ ಗಡಸನ್ನಾಗಲಿ ನೈಟ್ರೇಟನ್ನಾಗಲಿ ತೆಗೆಯುವುದಿಲ್ಲ. ಅವನ್ನು ಪ್ರಯೋಗಶಾಲೆಯ ಪರೀಕ್ಷೆಯಿಂದಲೇ ತಿಳಿಯಬೇಕು.

ಯಲಹಂಕದಲ್ಲಿ ಒಂದು ಚಲಿಸುವ ಮನೆ

ಯಲಹಂಕ ಕೆಂಪೇಗೌಡರ ವಂಶದ ಮೂಲಸ್ಥಾನ. ಇಂದು ಅಲ್ಲಿ ರೈಲಿನ ಗಾಲಿಗಳನ್ನು ಎರಕ ಹೊಯ್ಯುವ ಕಾರ್ಖಾನೆಯುಂಟು. ವಿಮಾನಗಳು ಗುಡುಗುವ ವಾಯುಸೇನೆಯ ನೆಲೆಯುಂಟು. ಉತ್ತರಕ್ಕೆ ಚಾಚಿದ ಬಳ್ಳಾರಿ ರಸ್ತೆಯುಂಟು. ಗಾಲಿಗೂ ರೆಕ್ಕೆಗೂ ಹೆಸರಾದ ಈ ಊರಿನ ಒಂದು ಮನೆಯ ಮುಂದೆ ಗಾಲಿಯ ಮೇಲಿನ ಮನೆಯೊಂದನ್ನು ನೋಡುವ ಅವಕಾಶ ನಮಗೆ ದೊರೆಯಿತು. ಕ್ಯಾರವಾನ್ ಎಂದು ಅದಕ್ಕೆ ಹೆಸರು. ಕರ್ನಾಟಕದ 2020–26ರ ಪ್ರವಾಸೋದ್ಯಮ ನೀತಿ ಇಂಥ ವಾಹನಗಳ ಪ್ರವಾಸಕ್ಕೆ ಪ್ರೋತ್ಸಾಹ ಕೊಟ್ಟ ಮೇಲೆ ನಮ್ಮ ದಾರಿಗಳಲ್ಲಿ ಅವು ಆಗೀಗ ಕಾಣಿಸಿಕೊಳ್ಳುತ್ತಿವೆ. ಎರಡು ಮಂಚ, ಒಂದು ಒಲೆ, ಒಂದು ಬಚ್ಚಲು. ಆಸನದಡಿಯಲ್ಲಿ 100 ಲೀಟರಿನ ನೀರಿನ ತೊಟ್ಟಿ, ಒಂದು ಪುಟ್ಟ ಪಂಪು. ಒಂದು ಊರಿನ ಜಲಕಾರ್ಯವನ್ನೇ ಬೊಂಬೆಯಾಟಕ್ಕೆಂದು ಚಿಕ್ಕದು ಮಾಡಿಟ್ಟಂತಿತ್ತು.

ನಿವೃತ್ತರಾದ ಯಜಮಾನರು ತಮ್ಮ ಸಂಸಾರವನ್ನು ಮಲೆನಾಡಿಗೆ ಕರೆದೊಯ್ಯಲು ಸಿದ್ಧತೆಯಲ್ಲಿದ್ದರು. ಮೂರು ವರ್ಷದ ಮೊಮ್ಮಗಳಿಗೆ ಅದು ಮೊದಲ ಪ್ರವಾಸ. ಗಾಡಿ ಮಳೆಗಾಲವೆಲ್ಲ ನಿಂತಲ್ಲೇ ನಿಂತಿತ್ತು. ಮಕ್ಕಳೆಲ್ಲ ಅಂದೇ ಹೊರಡೋಣವೆಂದು ಅವಸರಪಡುತ್ತಿದ್ದರೂ ಅವರು ಮಾತ್ರ ನಾಳೆ ಎಂದು ಹಟ ಹಿಡಿದಿದ್ದರು. ನಿಂತ ತೊಟ್ಟಿಯಲ್ಲಿ, ಬಿಸಿಲಿಗೆ ಬೆಚ್ಚಗಾದ ಸಣ್ಣ ಕೊಳವೆಗಳಲ್ಲಿ, ಕ್ಲೋರಿನ್ ಆರಿಹೋಗಿ ಲೋಳೆ ಬೆಳೆದಿರುತ್ತದೆ. ದೊಡ್ಡವರ ಹೊಟ್ಟೆ ಹೇಗೋ ತಾಳಿಕೊಂಡೀತು. ಮಗುವಿಗೆ ಭೇದಿ ಹತ್ತಿದರೆ ಮೈಯ ನೀರು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಘಟ್ಟದ ತಿರುವಿನಲ್ಲಿ ವೈದ್ಯರನ್ನು ಎಲ್ಲಿ ಹುಡುಕುವುದು? ಇದು ಅವರ ವಾದ. ಅದಕ್ಕೆ ಪ್ರತಿವಾದವಿರಲಿಲ್ಲ.

ಅವರು ಮಾಡಿದ ಕೆಲಸವನ್ನು ಕ್ರಮವಾಗಿ ಹೇಳುವುದರಿಂದ ಇಂಥ ಗಾಡಿಯಿಲ್ಲದವರಿಗೂ ಪ್ರಯೋಜನವುಂಟು. ಮೊದಲು ಹಳೆಯ ನೀರನ್ನೆಲ್ಲ ತಳದ ತಿರುಪಿನಿಂದ ಹೊರಕ್ಕೆ ಬಿಟ್ಟರು. ಬಿಸಿನೀರಿನ ಹಂಡೆಯನ್ನು ಆರಿಸಿ, ತಣಿದ ಮೇಲೆ ಬರಿದುಮಾಡಿದರು. ಕುಡಿಯುವ ನೀರಿನ ಶೋಧಕದ ತಿರುಳನ್ನು ಕಳಚಿಟ್ಟರು; ಅದರಲ್ಲಿರುವ ಇದ್ದಿಲು ಕ್ಲೋರಿನ್ನನ್ನು ನುಂಗಿಬಿಡುತ್ತದೆ. ತೊಟ್ಟಿಗೆ ಅರ್ಧ ನೀರು ತುಂಬಿ, ಪರಿಮಳವಾಗಲಿ ಬಣ್ಣವಾಗಲಿ ಬೆರೆಸದ, ನೂರಕ್ಕೆ 5ರ ಬಲದ ಬ್ಲೀಚಿಂಗ್ ದ್ರವವನ್ನು 100 ಮಿಲಿಲೀಟರು ಅಳೆದು, ಒಂದು ಬಕೆಟ್ಟು ನೀರಿನಲ್ಲಿ ಬೆರೆಸಿ ಸುರಿದರು. ಬಳಿಕ ಕಂಠದವರೆಗೂ ತುಂಬಿದರು. ಲೆಕ್ಕ ಸುಲಭ: 5 ಗ್ರಾಂ ಕ್ಲೋರಿನ್ 100 ಲೀಟರಿಗೆ ಹಂಚಿದರೆ ಲೀಟರಿಗೆ 50 ಮಿಲಿಗ್ರಾಂ.

ಇಲ್ಲಿಗೆ ಕೆಲಸ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಮುಖ್ಯವಾದದ್ದು ಮುಂದಿದೆ. ಪಂಪನ್ನು ನಡೆಸಿ, ಅಡಿಗೆಯ ನಲ್ಲಿ, ಬಚ್ಚಲಿನ ನಲ್ಲಿ, ಮೀಯುವ ಜಾಲರಿ, ಒಂದನ್ನೂ ಬಿಡದೆ, ಬಿಸಿನೀರಿನ ತಿರುಪನ್ನೂ ತಣ್ಣೀರಿನ ತಿರುಪನ್ನೂ ತಿರುಗಿಸಿ, ಕ್ಲೋರಿನ್ನಿನ ವಾಸನೆ ಮೂಗಿಗೆ ಹೊಡೆಯುವ ತನಕ ನೀರು ಬಿಟ್ಟರು. ಔಷಧವು ತೊಟ್ಟಿಯಲ್ಲಷ್ಟೇ ಇದ್ದರೆ ಸಾಲದು. ಕೊಳವೆಯ ಕೊನೆಯ ಅಂಗುಲವನ್ನೂ ಮುಟ್ಟಬೇಕು. ಅನಂತರ ಎಲ್ಲವನ್ನೂ ಮುಚ್ಚಿ ನಾಲ್ಕು ಗಂಟೆಗೂ ಮಿಕ್ಕಿ ಹಾಗೆಯೇ ಬಿಟ್ಟರು. ನೀರು ತುಂಬುವ ನಾಳದ ಬಾಯನ್ನೂ ಅದೇ ದ್ರವದಲ್ಲಿ ಅದ್ದಿ, ನೆಲಕ್ಕೆ ತಾಗದಂತೆ ಗೂಟಕ್ಕೆ ನೇತುಹಾಕಿ, ಮುಚ್ಚಳ ಹಾಕಿದರು. ಯಶವಂತಪುರದಲ್ಲಿ ಕಂಡ ರಬ್ಬರಿನ ನಾಳಗಳು ಆಗ ನೆನಪಿಗೆ ಬಂದವು.

ಸಂಜೆ ಆ ನೀರನ್ನು ಗಿಡಕ್ಕೂ ಚೆಲ್ಲದೆ, ಮಳೆನೀರಿನ ಚರಂಡಿಗೂ ಬಿಡದೆ, ಬಕೆಟ್ಟುಗಳಲ್ಲಿ ಹಿಡಿದು ಮನೆಯ ಪಾಯಿಖಾನೆಗೆ ಬಳಸಿದರು. ಯಲಹಂಕದ ಮಳೆಚರಂಡಿ ಕೆರೆಗೆ ಹೋಗುತ್ತದೆ; ಕೆರೆಯ ಮೀನು ಏನು ತಪ್ಪು ಮಾಡಿದೆ ಎಂಬುದು ಅವರ ಪ್ರಶ್ನೆ. ಮತ್ತೆ ಎರಡು ಸಲ ಒಳ್ಳೆಯ ನೀರು ತುಂಬಿ ನಲ್ಲಿಗಳಿಂದ ಹರಿಸಿದ ಮೇಲೆ ವಾಸನೆ ಇಳಿಯಿತು. ಹೊಸ ತಿರುಳನ್ನು ಶೋಧಕಕ್ಕೆ ಹಾಕಿದರು. ಮರುದಿನ ಬೆಳಗ್ಗೆ ಗಾಡಿ ಹೊರಟಿತು.

ಯಾರ ಸರದಿ?

ಹೆಸರಘಟ್ಟದ ಏರಿಯನ್ನು ಅರಮನೆಯ ಕಾಲದವರು ಕಟ್ಟಿದರು. ಶೋಧಕದ ಮರಳನ್ನು ಜಲಮಂಡಳಿಯ ನೌಕರರು ತೊಳೆಯುತ್ತಾರೆ. ಕಾವೇರಿಯನ್ನು ಬೆಟ್ಟ ಹತ್ತಿಸುವ ಯಂತ್ರಗಳಿಗೆ ಹಗಲಿರುಳು ಕಾವಲಿದ್ದಾರೆ. ಇಷ್ಟೂ ಜನರ ಕೈ ದಾಟಿ ಬಂದ ನೀರು ನಮ್ಮ ಗೇಟನ್ನು ಹೊಕ್ಕ ಮೇಲೆ ಅದಕ್ಕೆ ಅಧಿಕಾರಿಯೂ ಇಲ್ಲ, ತನಿಖೆಯೂ ಇಲ್ಲ. ಸಂಪಿಗೂ ಮಾಳಿಗೆಯ ತೊಟ್ಟಿಗೂ ನಾವೇ ದಿವಾನರು.

ಹಳ್ಳಿಯ ಮನೆಗಳಲ್ಲಿ ಹಿಂದೆ ಕೊಡವನ್ನು ಹುಣಿಸೆಹಣ್ಣು ಹಾಕಿ ಬೆಳಗದೆ ಬಾವಿಗೆ ಇಳಿಬಿಡುತ್ತಿರಲಿಲ್ಲ. ಪಾತ್ರೆ ಕಣ್ಣೆದುರಿಗಿತ್ತು, ಅದರ ಕಲೆ ಕಾಣುತ್ತಿತ್ತು. ನಗರದಲ್ಲಿ ಪಾತ್ರೆ ನೆಲದಡಿಗೂ ಮಾಳಿಗೆಯ ಮೇಲಕ್ಕೂ ಸರಿದು ಕಣ್ಣಿಗೆ ಮರೆಯಾಯಿತು; ಮರೆಯಾದದ್ದು ಮರೆತೂಹೋಯಿತು. ಆರು ತಿಂಗಳಿಗೊಮ್ಮೆ, ಯುಗಾದಿಗೆ ಮುಂಚೆ ಒಂದು ಸಲ, ಆಯುಧಪೂಜೆಗೆ ಮುಂಚೆ ಒಂದು ಸಲ, ಆ ಮುಚ್ಚಳವನ್ನೆತ್ತಿ ಒಳಗೆ ದೀಪ ಹಿಡಿದು ನೋಡುವ ಪದ್ಧತಿಯನ್ನು ಇಟ್ಟುಕೊಂಡರೆ ಮರೆವಿಗೆ ಅವಕಾಶವಿರದು.

ಬೆಂಗಳೂರಿನ ಬಡಗಣ ದಿಕ್ಕನ್ನು ನೋಡಲು ಹೋಗುವವರು ಹೆಸರಘಟ್ಟದ ಹುಲ್ಲುಗಾವಲನ್ನೂ ಹೆಬ್ಬಾಳದ ಹೆಜ್ಜಾರ್ಲೆಗಳನ್ನೂ ಮನದಣಿಯೆ ನೋಡಲಿ. ಮನೆಗೆ ಹಿಂದಿರುಗಿದ ಮೇಲೆ ನೋಡಬೇಕಾದ ಜಾಗ ಇನ್ನೊಂದು ಉಳಿದಿರುತ್ತದೆ. ಅದಕ್ಕೆ ಬಸ್ಸಿನ ವೆಚ್ಚವೂ ಇಲ್ಲ, ಬುತ್ತಿಯೂ ಬೇಡ. ಒಂದು ಕೈದೀಪ ಸಾಕು.